ಬೇಲಿಯೇ ಎದ್ದು ಹೊಲ ಮೇಯ್ದಾಗ: ಟಿ-ಕೋಶದ ಲಿಂಫೋಮಾ



ಈಸೂರಿನಲ್ಲಿ ನಿಂತು ಮಾತನಾಡುವವರು ಯಾವ ವಿಷಯದ ಮೇಲೆ ಮಾತನಾಡಲು ಬಂದಿದ್ದರೂ ಮೊದಲು 1942ನೆಯ ಇಸವಿಯನ್ನು ನೆನೆಯಬೇಕು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದು ಈ ಊರಿನ ಜನ ಅಂದು ತಮ್ಮನ್ನು ಸ್ವತಂತ್ರರೆಂದು ಘೋಷಿಸಿಕೊಂಡರು. ನಿಮ್ಮಷ್ಟೇ ವಯಸ್ಸಿನ, ನಿಮಗಿಂತಲೂ ಚಿಕ್ಕವರಾದ ಹುಡುಗರನ್ನು ಅಮಲ್ದಾರ, ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. 1943ರ ಮಾರ್ಚ್ ತಿಂಗಳಲ್ಲಿ ಈ ಊರಿನ ಐವರು ಗಲ್ಲಿಗೇರಿದರು. ಈ ಕಥೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಶಿಕಾರಿಪುರ, ಸೊರಬದ ಕಡೆಯಿಂದ ಬಂದಿರುವ ನಿಮಗೆ ಅದನ್ನು ನಾನು ಹೇಳಬೇಕಾಗಿಲ್ಲ.

ನಾನು ಹೇಳಬೇಕೆಂದಿರುವುದು ಅದೇ 1942ರ ಆಗಸ್ಟ್ ತಿಂಗಳಲ್ಲಿ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಆರಂಭವಾದ ಬೇರೊಂದು ಹೋರಾಟದ ಕಥೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಒಬ್ಬ ರೋಗಿಯಿದ್ದ. ಅವನ ಕೊರಳಿನಲ್ಲೂ ಕಂಕುಳಲ್ಲೂ ಗಡ್ಡೆಗಳು ಬೆಳೆದು ಅನ್ನ ನುಂಗುವುದೂ ಉಸಿರಾಡುವುದೂ ಕಷ್ಟವಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಸಾಸಿವೆ ಅನಿಲಕ್ಕೆ ಸಿಕ್ಕ ಸೈನಿಕರ ಬಿಳಿ ರಕ್ತಕಣಗಳು ಕುಗ್ಗಿಹೋಗಿದ್ದುದು ವೈದ್ಯರಿಗೆ ತಿಳಿದಿತ್ತು. ಗುಡ್‌ಮನ್ ಮತ್ತು ಗಿಲ್‌ಮನ್ ಎಂಬ ಇಬ್ಬರು ಔಷಧ ವಿಜ್ಞಾನಿಗಳು ಆ ವಿಷದ ಹತ್ತಿರದ ಸಂಬಂಧಿಯಾದ ಒಂದು ರಾಸಾಯನಿಕವನ್ನು ಈ ರೋಗಿಗೆ ಕೊಡಿಸಿದರು. ಕೆಲವೇ ದಿನಗಳಲ್ಲಿ ಗಡ್ಡೆಗಳು ಕರಗಿದವು! ಆದರೆ ಅವು ಮತ್ತೆ ಬೆಳೆದವು. ಆ ವರ್ಷ ಮುಗಿಯುವುದರೊಳಗೆ ಆತ ತೀರಿಕೊಂಡ. ಯುದ್ಧದ ಕಾಲವಾದ್ದರಿಂದ ಈ ಸಂಗತಿ ಗುಟ್ಟಾಗಿಯೇ ಇದ್ದು 1946ರಲ್ಲಿ ಹೊರಬಂತು. ಇಂದು ನಾವು 'ಕೀಮೋ' ಎಂದು ಕರೆಯುವ ಚಿಕಿತ್ಸೆಯ ಮೊದಲ ಹೆಜ್ಜೆ ಅದು. ಆ ರೋಗಿಗೆ ಇದ್ದದ್ದು ಲಿಂಫೋಮಾ ಎಂಬ ಕ್ಯಾನ್ಸರ್.

ಲಿಂಫೋಮಾ ಎಂದರೇನು? ನಮ್ಮ ಮೈಯಲ್ಲಿ ರಕ್ತನಾಳಗಳಿರುವಂತೆಯೇ ಇನ್ನೊಂದು ಬಗೆಯ ಸಣ್ಣ ನಾಳಗಳ ಜಾಲವಿದೆ. ಅದರಲ್ಲಿ ಹರಿಯುವ ತಿಳಿಯಾದ ದ್ರವಕ್ಕೆ ದುಗ್ಧರಸ ಎಂದು ಹೆಸರು. ಈ ನಾಳಗಳ ದಾರಿಯಲ್ಲಿ ಅಲ್ಲಲ್ಲಿ ಹುರುಳಿಕಾಳಿನಿಂದ ಅವರೆಕಾಳಿನಷ್ಟು ಗಾತ್ರದ ದುಗ್ಧಗ್ರಂಥಿಗಳು ಕೂತಿವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಯ ಸಂದಿನಲ್ಲಿ 'ಗೆಡ್ಡೆ ಕಟ್ಟಿತು' ಎನ್ನುತ್ತೇವಲ್ಲ, ಅದೇ ಇದು. ಅಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಕಾವಲು ಕಾಯುತ್ತವೆ. ಇವುಗಳಲ್ಲಿ ಮುಖ್ಯವಾಗಿ ಎರಡು ಪಂಗಡ. ಅಸ್ಥಿಮಜ್ಜೆಯಲ್ಲೇ ಪಳಗಿ ಪ್ರತಿಕಾಯಗಳನ್ನು ತಯಾರಿಸುವವು ಬಿ-ಕೋಶಗಳು. ಎದೆಗೂಡಿನಲ್ಲಿ, ಹೃದಯದ ಮೇಲ್ಭಾಗದಲ್ಲಿ ಇರುವ ಥೈಮಸ್ ಗ್ರಂಥಿಗೆ ಹೋಗಿ ಅಲ್ಲಿ ಪಳಗುವವು ಟಿ-ಕೋಶಗಳು. ಈ ಥೈಮಸ್ ಯಾವ ಕೆಲಸಕ್ಕೂ ಬಾರದ ಅಂಗವೆಂದು ಬಹುಕಾಲ ನಂಬಿದ್ದರು. 1961ರಲ್ಲಿ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಆ ಮರಿಗಳು ಸೋಂಕು ತಾಳಲಾರದೆ ಸೊರಗಿದವು. ಹಾಗೆ ಟಿ-ಕೋಶದ ಮಹತ್ವ ತಿಳಿಯಿತು.

ಟಿ-ಕೋಶದ ಕೆಲಸವೇನು? ಪ್ರತಿಯೊಂದು ಟಿ-ಕೋಶದ ಮೈಮೇಲೂ ಒಂದು ಗ್ರಾಹಕವಿದೆ. ಬೀಗಕ್ಕೆ ಹೊಂದುವ ಕೀಲಿಯಂತೆ ಅದು ಯಾವುದೋ ಒಂದೇ ಬಗೆಯ ಗುರುತನ್ನು ಪತ್ತೆ ಹಚ್ಚಬಲ್ಲದು. ಜೀವಕೋಶವು ತನ್ನ ವಂಶವಾಹಿಯ ತುಣುಕುಗಳನ್ನು ಕತ್ತರಿಸಿ ಜೋಡಿಸಿ ತನ್ನದೇ ಕೀಲಿಯನ್ನು ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಆರೋಗ್ಯವಂತನ ಮೈಯಲ್ಲಿ ಲಕ್ಷಾಂತರ ಬಗೆಯ ಕೀಲಿಗಳಿರುತ್ತವೆ. ತನ್ನ ಕೀಲಿಗೆ ಹೊಂದುವ ವೈರಾಣು ಸಿಕ್ಕರೆ ಆ ಟಿ-ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು ಸೇನೆಯಾಗುತ್ತದೆ. ಕೆಲಸ ಮುಗಿದ ಮೇಲೆ ಹೆಚ್ಚಿನವು ತಾವೇ ಸಾಯುತ್ತವೆ. ಈ 'ಬೆಳೆ' ಮತ್ತು 'ಸಾಯಿ' ಎಂಬ ಎರಡು ಆಜ್ಞೆಗಳಲ್ಲಿ ತಪ್ಪಾದರೆ ಒಂದೇ ಕೋಶದ ಸಂತತಿ ಎಲ್ಲೆ ಮೀರಿ ಬೆಳೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯುತ್ತದೆ. ಅದೇ ಟಿ-ಕೋಶದ ಲಿಂಫೋಮಾ.

ಲಿಂಫೋಮಾಗಳಲ್ಲಿ ಹೆಚ್ಚಿನವು ಬಿ-ಕೋಶದವು. ಹತ್ತರಲ್ಲಿ ಒಂದೋ ಎರಡೋ ಮಾತ್ರ ಟಿ-ಕೋಶದವು. ಆದರೆ ಇವುಗಳಲ್ಲೇ ಹಲವು ಜಾತಿಗಳಿವೆ. ಕೆಲವು ಮಕ್ಕಳಿಗೂ ಯುವಕರಿಗೂ ಬರುತ್ತವೆ, ಕೆಲವು ವಯಸ್ಸಾದವರಿಗೆ. ಕೆಲವು ಗ್ರಂಥಿಯಲ್ಲಿ, ಕೆಲವು ಮೂಗಿನಲ್ಲಿ, ಕೆಲವು ಚರ್ಮದಲ್ಲಿ ಕಾಣಿಸಿಕೊಳ್ಳುತ್ತವೆ. ಚರ್ಮದ್ದನ್ನು ಫ್ರಾನ್ಸಿನ ಅಲಿಬೇರ್ ಎಂಬ ವೈದ್ಯ 1806ರಷ್ಟು ಹಿಂದೆಯೇ ವರ್ಣಿಸಿದ್ದ. ಅದು ವರ್ಷಗಟ್ಟಲೆ ಇಸಬಿನಂತೆಯೋ ಗಜಕರ್ಣದಂತೆಯೋ ತೋರುತ್ತದೆ. ಆದ್ದರಿಂದ ಜನ ಅಂಗಡಿಯಿಂದ ಮುಲಾಮು ತಂದು ಹಚ್ಚುತ್ತಲೇ ಇರುತ್ತಾರೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ನಾನಿನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದೆ. ರಜೆಗೆ ಊರಿಗೆ ಬಂದಾಗ ನನ್ನ ಚಿಕ್ಕಮ್ಮನ ಮಗ, ಪಿ.ಯು.ಸಿ. ಓದುತ್ತಿದ್ದವನು, "ಅಣ್ಣ, ಇಲ್ಲೊಂದು ಗಂಟು ಆಗಿದೆ ನೋಡು" ಎಂದು ಕೊರಳು ತೋರಿಸಿದ. ಮುಟ್ಟಿ ನೋಡಿದೆ. ನೋವಿರಲಿಲ್ಲ. ಸಂಜೆ ಜ್ವರ ಬರುತ್ತಿದೆ ಎಂದ. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರುತ್ತದೆ ಎಂದ. ನಾನು ಪುಸ್ತಕದಲ್ಲಿ ಓದಿದ್ದು ನೆನಪಾಗಿ, "ಗಂಡಮಾಲೆ ಕಣೋ, ಟಿ.ಬಿ. ಗಂಟು. ಆರು ತಿಂಗಳು ಮಾತ್ರೆ ನುಂಗಿದರೆ ವಾಸಿಯಾಗುತ್ತದೆ" ಎಂದು ದೊಡ್ಡವನಂತೆ ಹೇಳಿಬಿಟ್ಟೆ. ಮನೆಯವರು ನನ್ನ ಮಾತನ್ನು ನಂಬಿದರು. ಡಾಕ್ಟರಾಗುವ ಹುಡುಗನೇ ಹೇಳಿದ್ದಾನಲ್ಲ! ಮಾತ್ರೆ ಶುರುವಾಯಿತು. ಗಂಟನ್ನು ತೆಗೆದು ಪರೀಕ್ಷೆಗೆ ಕಳಿಸಬೇಕೆಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಡುವೆ ಒಮ್ಮೆ ಗಂಟು ಇಳಿದಂತಾಗಿ ಎಲ್ಲರೂ ಸಮಾಧಾನಪಟ್ಟರು. ಐದು ತಿಂಗಳ ಮೇಲೆ ಅವನನ್ನು ಬೆಂಗಳೂರಿಗೆ ಕರೆದೊಯ್ದಾಗ ಅದು ಟಿ-ಕೋಶದ ಲಿಂಫೋಮಾ ಎಂದು ತಿಳಿಯಿತು. ಆಗ ಅದು ಯಕೃತ್ತಿಗೂ ಅಸ್ಥಿಮಜ್ಜೆಗೂ ಹಬ್ಬಿತ್ತು. ಅವನು ಉಳಿಯಲಿಲ್ಲ. ಮೊದಲೇ ತಿಳಿದಿದ್ದರೆ ಉಳಿಯುತ್ತಿದ್ದನೇ? ನಿಶ್ಚಯವಾಗಿ ಹೇಳಲಾರೆ. ಆದರೆ ಆ ಐದು ತಿಂಗಳುಗಳನ್ನು ಅವನಿಂದ ಕಿತ್ತುಕೊಂಡವರಲ್ಲಿ ನಾನೂ ಒಬ್ಬ. ನಾನು ಮುಂದೆ ಸೂಕ್ಷ್ಮದರ್ಶಕದ ಮುಂದೆ ಕೂತು ಗಂಟುಗಳನ್ನೇ ನೋಡುವ ರೋಗಶಾಸ್ತ್ರವನ್ನು ಆರಿಸಿಕೊಂಡದ್ದಕ್ಕೆ ಇದೇ ಕಾರಣ.

ನಮ್ಮ ದೇಶದಲ್ಲಿ ಈ ಗೊಂದಲ ಸಹಜ. ಕೊರಳಿನ ಗಂಟು, ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು ಇವೆಲ್ಲ ಕ್ಷಯಕ್ಕೂ ಲಿಂಫೋಮಾಕ್ಕೂ ಸಮಾನ. ನಮ್ಮಲ್ಲಿ ಕ್ಷಯವೇ ಹೆಚ್ಚು ಎಂಬುದೂ ನಿಜ. ಹಾಗಾದರೆ ಬೇರ್ಪಡಿಸುವುದು ಹೇಗೆ? ಗ್ರಂಥಿಯನ್ನು, ಸಾಧ್ಯವಾದರೆ ಇಡಿಯಾಗಿ, ಸಣ್ಣ ಶಸ್ತ್ರಕ್ರಿಯೆಯಿಂದ ತೆಗೆದು ಪರೀಕ್ಷಿಸಬೇಕು. ಇದೇ ಬಯಾಪ್ಸಿ. ಬರಿಯ ಸೂಜಿ ಚುಚ್ಚಿ ತೆಗೆದ ಹನಿಯಿಂದ ಲಿಂಫೋಮಾದ ಜಾತಿಯನ್ನು ಹೇಳುವುದು ಕಷ್ಟ. ತೆಗೆದ ಗ್ರಂಥಿಯನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ ನೋಡುತ್ತೇವೆ. ಜೀವಕೋಶದ ಮೈಮೇಲಿನ ಗುರುತುಗಳನ್ನು ಪ್ರತಿಕಾಯಗಳ ಸಹಾಯದಿಂದ ಪತ್ತೆ ಮಾಡುತ್ತೇವೆ. ಸಿಡಿ-3 ಎಂಬ ಗುರುತಿದ್ದರೆ ಅದು ಸಾಮಾನ್ಯವಾಗಿ ಟಿ-ಕೋಶ. ಸಹಜವಾಗಿ ಇರಬೇಕಾದ ಸಿಡಿ-5 ಅಥವಾ ಸಿಡಿ-7 ಮಾಯವಾಗಿದ್ದರೆ ಸಂಶಯ ಬಲವಾಗುತ್ತದೆ. ಕೊನೆಗೆ ಆ ಕೀಲಿಯ ಪರೀಕ್ಷೆ. ಸೋಂಕಿನಿಂದ ಊದಿದ ಗ್ರಂಥಿಯಲ್ಲಿ ಹಲವು ಬಗೆಯ ಕೀಲಿಗಳ ಟಿ-ಕೋಶಗಳು ಇರುತ್ತವೆ. ಲಿಂಫೋಮಾದಲ್ಲಿ ಎಲ್ಲವೂ ಒಂದೇ ಕೀಲಿಯವು, ಏಕೆಂದರೆ ಎಲ್ಲವೂ ಒಂದೇ ಕೋಶದ ಮಕ್ಕಳು.

ಇನ್ನೊಂದು ಎಚ್ಚರಿಕೆ. ಸ್ಟಿರಾಯ್ಡ್ ಮಾತ್ರೆ ನುಂಗಿದರೆ ಲಿಂಫೋಮಾದ ಗಂಟು ತಾತ್ಕಾಲಿಕವಾಗಿ ಕರಗಬಹುದು. ರೋಗ ಹೋಯಿತೆಂದು ಭ್ರಮೆಯಾಗುತ್ತದೆ. ಬಯಾಪ್ಸಿ ಮಾಡಿದರೂ ರೋಗದ ಚಹರೆ ಮಸುಕಾಗಿರುತ್ತದೆ. ಆದ್ದರಿಂದ ಪರೀಕ್ಷೆಗೆ ಮುಂಚೆ ಯಾರೋ ಕೊಟ್ಟ ಮಾತ್ರೆ ನುಂಗಬಾರದು.

ಈ ರೋಗಕ್ಕೆ ಕಾರಣವೇನು ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವಲ್ಲಿ ನಾವು ಹಳ್ಳಿಯವರು ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳುವ ಪ್ರಶ್ನೆಯೇ ಉಪಯೋಗಕ್ಕೆ ಬಂದಿದೆ: "ನಿಮ್ಮದು ಯಾವ ಊರು?" ಸೊರಬ ತಾಲ್ಲೂಕಿನ ಮಕ್ಕಳಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. 1957ರಲ್ಲಿ ನಿಮ್ಮ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳ ಜನಕ್ಕೆ ಜ್ವರ ಬಂತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಯಾರು ಯಾವ ಊರಿನವರು, ಯಾವ ಕಾಡಿಗೆ ಹೋಗಿದ್ದರು ಎಂದು ವಿಚಾರಿಸಿ, ಉಣುಗುಗಳನ್ನು ಆಯ್ದು, ಹೊಸ ವೈರಾಣುವನ್ನು ಕಂಡುಹಿಡಿದರು. ಮಂಗನ ಕಾಯಿಲೆಗೂ ಲಿಂಫೋಮಾಕ್ಕೂ ಯಾವ ಸಂಬಂಧವೂ ಇಲ್ಲ, ಇದನ್ನು ಸ್ಪಷ್ಟವಾಗಿ ತಿಳಿಯಿರಿ. ಆದರೆ ಹುಡುಕುವ ವಿಧಾನ ಒಂದೇ.

ಜಪಾನಿನಲ್ಲಿ ಕಿಯೋಶಿ ತಕಾತ್ಸುಕಿ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಕ್ಯೋಟೋ ನಗರದಲ್ಲಿ ವಿಚಿತ್ರವಾದ ಟಿ-ಕೋಶದ ಕ್ಯಾನ್ಸರ್ ರೋಗಿಗಳನ್ನು ನೋಡಿದರು. ರೋಗಿಗಳ ಹುಟ್ಟೂರು ಯಾವುದೆಂದು ನೋಡಿದರೆ ಹೆಚ್ಚಿನವರು ನೈಋತ್ಯದ ಕ್ಯೂಶು ದ್ವೀಪದ ಕಡೆಯವರು! 1977ರಲ್ಲಿ ಅವರು ಇದನ್ನು ಪ್ರತ್ಯೇಕ ರೋಗವೆಂದು ವರ್ಣಿಸಿದರು. ಆ ಪ್ರದೇಶದಲ್ಲಿ ಏನೋ ಒಂದು ಕಾರಣವಿರಬೇಕು ಎಂಬ ಸಂಶಯ ಹುಟ್ಟಿತು. 1980ರಲ್ಲಿ ಅಮೆರಿಕದ ರಾಬರ್ಟ್ ಗ್ಯಾಲೋ ತಂಡ ಟಿ-ಕೋಶದ ಲಿಂಫೋಮಾ ಇದ್ದ ರೋಗಿಯೊಬ್ಬನಿಂದ ಒಂದು ವೈರಾಣುವನ್ನು ಬೇರ್ಪಡಿಸಿತು. 1981ರಲ್ಲಿ ಜಪಾನಿನ ಹಿನುಮಾ ತಂಡ ಕ್ಯೂಶುವಿನ ರೋಗಕ್ಕೂ ಇಂಥದೇ ವೈರಾಣುವಿಗೂ ಇರುವ ನಂಟನ್ನು ತೋರಿಸಿತು. ಅದೇ ಎಚ್‌ಟಿಎಲ್‌ವಿ-1, ಮನುಷ್ಯರಲ್ಲಿ ಕಂಡ ಮೊದಲ ರೆಟ್ರೋವೈರಾಣು. ಇದು ಮೈಯಲ್ಲಿದ್ದವರಲ್ಲಿ ಸುಮಾರು ನೂರಕ್ಕೆ ಐವರಿಗೆ ಮಾತ್ರ, ಅದೂ ಹಲವು ದಶಕಗಳ ನಂತರ ಕ್ಯಾನ್ಸರ್ ಆಗುತ್ತದೆ. ತಾಯಿಯ ಹಾಲಿನ ಮೂಲಕ ಮಗುವಿಗೆ ಇದು ದಾಟುತ್ತದೆ ಎಂದು ತಿಳಿದಾಗ ನಾಗಸಾಕಿ ಪ್ರಾಂತದಲ್ಲಿ 1987ರಿಂದ ಗರ್ಭಿಣಿಯರ ರಕ್ತಪರೀಕ್ಷೆ ಮಾಡಿ, ವೈರಾಣು ಇದ್ದ ತಾಯಂದಿರಿಗೆ ಮಾತ್ರ ಬೇರೆ ಹಾಲು ಕೊಡಲು ಸಲಹೆ ಮಾಡಿದರು. ದೀರ್ಘಕಾಲ ಮೊಲೆಹಾಲು ಕುಡಿದ ಐದು ಮಕ್ಕಳಲ್ಲಿ ಒಂದಕ್ಕೆ ತಗಲುತ್ತಿದ್ದ ಸೋಂಕು ಹಾಗೆ ಬೇರೆ ಹಾಲು ಕುಡಿದವರಲ್ಲಿ ನಲವತ್ತಕ್ಕೆ ಒಂದರಷ್ಟಾಯಿತು. ಒಂದು ಪ್ರಶ್ನೆ ಎಲ್ಲಿಂದ ಎಲ್ಲಿಗೆ ಮುಟ್ಟಿತು ನೋಡಿ!

ಎಲ್ಲ ಟಿ-ಕೋಶದ ಲಿಂಫೋಮಾಗಳಿಗೂ ವೈರಾಣು ಕಾರಣವಲ್ಲ. ಕೆಲವು ರೋಗಿಗಳಲ್ಲಿ 2ನೆಯ ಮತ್ತು 5ನೆಯ ವರ್ಣತಂತುಗಳು ಮುರಿದು ಪರಸ್ಪರ ತುಂಡುಗಳನ್ನು ಬದಲಿಸಿಕೊಂಡಿರುತ್ತವೆ. ಆ ಜೋಡಣೆಯಿಂದ ಎಎಲ್‌ಕೆ ಎಂಬ ವಂಶವಾಹಿ ಸದಾ ಚಾಲೂ ಇರುತ್ತದೆ ಎಂಬುದು 1994ರಲ್ಲಿ ತಿಳಿಯಿತು. ಇದು ಹೆಚ್ಚಾಗಿ ಮಕ್ಕಳಲ್ಲಿ, ಯುವಕರಲ್ಲಿ ಕಾಣುವ ಜಾತಿ. ಸಂತೋಷದ ವಿಷಯವೆಂದರೆ ಚಿಕಿತ್ಸೆಗೆ ಬಗ್ಗುವುದರಲ್ಲೂ ಇದೇ ಮುಂದು. ವಯಸ್ಸಾದವರ ಇನ್ನೊಂದು ಜಾತಿಯಲ್ಲಿ ಟೆಟ್-2, ರೋ-ಎ ಮೊದಲಾದ ವಂಶವಾಹಿಗಳು ಕೆಟ್ಟಿರುತ್ತವೆ. ಇವುಗಳಲ್ಲಿ ಯಾವುದೂ ಮುಟ್ಟಿದರೆ, ಜೊತೆಗೆ ಉಂಡರೆ ಹರಡುವುದಿಲ್ಲ. ಯಾರ ಪಾಪದ ಫಲವೂ ಅಲ್ಲ.

ಈಗ ಚಿಕಿತ್ಸೆಗೆ ಬರೋಣ. ಹಲವು ಬಗೆಯ ಟಿ-ಕೋಶದ ಲಿಂಫೋಮಾಕ್ಕೆ ಬಹುಕಾಲದಿಂದ ಕೊಡುತ್ತಿರುವುದು 'ಚಾಪ್' ಎಂಬ ನಾಲ್ಕು ಔಷಧಿಗಳ ಕೂಟ. ಮೊದಲನೆಯದು ಸೈಕ್ಲೋಫಾಸ್ಫಮೈಡ್, 1942ರ ಆ ಸಾಸಿವೆ ವಿಷದ ವಂಶದ್ದು. ಎರಡನೆಯದು ಡಾಕ್ಸೋರೂಬಿಸಿನ್, ಇಟಲಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಕೆಂಪು ಬಣ್ಣದ ಮದ್ದು. ಮೂರನೆಯದು ವಿನ್‌ಕ್ರಿಸ್ಟಿನ್. ಇದು ಎಲ್ಲಿಂದ ಬಂತು ಗೊತ್ತೇ? ನಿಮ್ಮ ಮನೆಯಂಗಳದಲ್ಲಿ ವರ್ಷವಿಡೀ ಗುಲಾಬಿ, ಬಿಳಿ ಹೂ ಬಿಡುವ ನಿತ್ಯಪುಷ್ಪದ ಗಿಡದಿಂದ! ಜೀವಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎಳೆಯುವ ನೂಲುಗಳನ್ನು ಇದು ತಡೆಯುತ್ತದೆ. ನಾಲ್ಕನೆಯದು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್. ಸಾಮಾನ್ಯವಾಗಿ 21 ದಿನಕ್ಕೊಮ್ಮೆಯಂತೆ ಆರು ಸಲ ಕೊಡುತ್ತಾರೆ. ಕೂದಲು ಉದುರುತ್ತದೆ, ಆಮೇಲೆ ಮತ್ತೆ ಬರುತ್ತದೆ.

ನಿತ್ಯಪುಷ್ಪದ ಮಾತು ಕೇಳಿ ಯಾರೂ ಅದರ ಎಲೆ ಅರೆದು ಕುಡಿಯಬೇಡಿ. ಗಿಡದಲ್ಲಿರುವುದು ವಿಷವೂ ಹೌದು. ರಾಶಿ ರಾಶಿ ಎಲೆಯಿಂದ ಚೂರೇ ಚೂರು ಮದ್ದನ್ನು ಬೇರ್ಪಡಿಸಿ, ತೂಗಿ, ಅಳೆದು ರಕ್ತನಾಳಕ್ಕೆ ಕೊಡುವುದೇ ವಿಜ್ಞಾನ. ನಮ್ಮ ಜಿಲ್ಲೆಯಲ್ಲಿ ನಾಟಿ ಔಷಧಿಗಾಗಿ ದೂರದೂರದಿಂದ ಜನ ಬಂದು ಸಾಲು ನಿಲ್ಲುವುದನ್ನು ನೀವು ಕಂಡಿದ್ದೀರಿ. ಅವರ ಸಂಕಟವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಯಾಪ್ಸಿಯನ್ನೂ ಆಸ್ಪತ್ರೆಯ ಚಿಕಿತ್ಸೆಯನ್ನೂ ಬಿಟ್ಟು ಹಾಗೆ ಕಾಯುವ ತಿಂಗಳುಗಳನ್ನು ಯಾರೂ ಹಿಂದಕ್ಕೆ ತಂದುಕೊಡಲಾರರು.

ಬಿ-ಕೋಶದ ಲಿಂಫೋಮಾಕ್ಕೆ 1997ರಲ್ಲಿ ರಿಟುಕ್ಸಿಮಾಬ್ ಎಂಬ ಪ್ರತಿಕಾಯ ಬಂದು ಫಲಿತಾಂಶ ಬಹಳ ಸುಧಾರಿಸಿತು. ಅದು ಕೆಟ್ಟವೆನ್ನದೆ ಒಳ್ಳೆಯವೆನ್ನದೆ ಎಲ್ಲ ಬಿ-ಕೋಶಗಳನ್ನೂ ಕೊಲ್ಲುತ್ತದೆ. ಬಿ-ಕೋಶಗಳಿಲ್ಲದೆ ಮನುಷ್ಯ ಕೆಲಕಾಲ ಬದುಕಬಲ್ಲ. ಆದರೆ ಎಲ್ಲ ಟಿ-ಕೋಶಗಳನ್ನೂ ಕೊಂದರೆ? ಏಡ್ಸ್ ರೋಗದಲ್ಲಿ ಒಂದು ಬಗೆಯ ಟಿ-ಕೋಶ ಕಡಿಮೆಯಾದರೇ ಏನಾಗುತ್ತದೆಂದು ನಿಮಗೆ ಗೊತ್ತು. ಟಿ-ಕೋಶದ ಲಿಂಫೋಮಾದ ಸಂಶೋಧನೆ ಹಿಂದೆ ಬೀಳಲು ಇದೇ ಮುಖ್ಯ ಕಾರಣ. ಕಳ್ಳನನ್ನು ಹಿಡಿಯಲು ಊರನ್ನೇ ಸುಡಲಾಗದು.

ಹಾಗಾಗಿ ವಿಜ್ಞಾನಿಗಳು ಸೂಕ್ಷ್ಮವಾದ ಗುರುತುಗಳನ್ನು ಹುಡುಕಿದರು. ಕೆಲವು ಲಿಂಫೋಮಾಗಳ ಮೇಲೆ ಸಿಡಿ-30 ಎಂಬ ಗುರುತು ಹೇರಳವಾಗಿದೆ, ಸಾಧಾರಣ ಕೋಶಗಳ ಮೇಲೆ ಬಹಳ ಕಡಿಮೆ. ಅದನ್ನೇ ಹುಡುಕಿಕೊಂಡು ಹೋಗುವ ಪ್ರತಿಕಾಯಕ್ಕೆ ವಿಷದ ಬುತ್ತಿ ಕಟ್ಟಿ ಕಳಿಸುವ ಔಷಧಿಯೇ ಬ್ರೆಂಟುಕ್ಸಿಮಾಬ್ ವೆಡೋಟಿನ್. 452 ರೋಗಿಗಳ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಚಾಪ್‌ನಲ್ಲಿ ವಿನ್‌ಕ್ರಿಸ್ಟಿನ್ ಬದಲು ಇದನ್ನು ಸೇರಿಸಿದಾಗ ಹೆಚ್ಚು ಜನ ಉಳಿದರೆಂದು ಅದು ತೋರಿಸಿತು. ಎಎಲ್‌ಕೆ ಜಾತಿ ಮರುಕಳಿಸಿದ ಮಕ್ಕಳಿಗೆ ಕ್ರಿಜೋಟಿನಿಬ್ ಎಂಬ ಔಷಧಿಯನ್ನು 2021ರಲ್ಲಿ ಅಮೆರಿಕದಲ್ಲಿ ಒಪ್ಪಲಾಯಿತು.

ಇನ್ನೊಂದು ಉಪಾಯ ಕೇಳಿ. ಟಿ-ಕೋಶವು ಕೀಲಿ ತಯಾರಿಸುವಾಗ ಟಿಆರ್‌ಬಿಸಿ-1 ಮತ್ತು ಟಿಆರ್‌ಬಿಸಿ-2 ಎಂಬ ಎರಡು ತುಣುಕುಗಳಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳುತ್ತದೆ. ನಿಮ್ಮ ಗದ್ದೆಯಲ್ಲಿ ಕೆಂಪು ಭತ್ತ, ಬಿಳಿ ಭತ್ತ ಎರಡೂ ಬೆರೆತು ಬೆಳೆದಿವೆ ಎಂದುಕೊಳ್ಳಿ. ರೋಗ ಹಿಡಿದದ್ದು ಒಂದೇ ಕಾಳಿನ ಸಂತತಿಗೆ, ಆದ್ದರಿಂದ ಅದು ಪೂರ್ತಿ ಕೆಂಪೇ. ಕೆಂಪನ್ನು ಮಾತ್ರ ಕಿತ್ತರೆ ರೋಗವೂ ಹೋಗುತ್ತದೆ, ಬಿಳಿಯ ಫಸಲೂ ಉಳಿಯುತ್ತದೆ. ಲಂಡನ್ನಿನ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಈ ವಿಚಾರ ಇನ್ನೂ ಪ್ರಯೋಗದ ಹಂತದಲ್ಲಿದೆ.

ರೋಗಿಯ ಟಿ-ಕೋಶಗಳನ್ನೇ ಹೊರತೆಗೆದು, ಹೊಸ ವಂಶವಾಹಿ ಸೇರಿಸಿ, ಕ್ಯಾನ್ಸರನ್ನು ಗುರುತಿಸುವಂತೆ ಕಲಿಸಿ ಮತ್ತೆ ಮೈಗೆ ಬಿಡುವ ಚಿಕಿತ್ಸೆಗೆ ಕಾರ್-ಟಿ ಎಂದು ಹೆಸರು. ನಮ್ಮ ದೇಶದಲ್ಲೇ ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರದ ಕೆಲಸದಿಂದ ರೂಪುಗೊಂಡ ನೆಕ್ಸ್‌ಕಾರ್-19 ಅಕ್ಟೋಬರ್ 2023ರಲ್ಲಿ ಅನುಮತಿ ಪಡೆಯಿತು. ಜನವರಿ 2025ರಲ್ಲಿ ನಮ್ಮ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ಕಾರ್ಟೆಮಿ ಎಂಬ ಇಂಥ ಚಿಕಿತ್ಸೆಯನ್ನು ಹೊರತಂದಿತು. ಇವೆರಡೂ ಬಿ-ಕೋಶದ ರೋಗಗಳಿಗೆ. ಟಿ-ಕೋಶದ ಲಿಂಫೋಮಾದಲ್ಲಿ ಇದು ಸುಲಭವಲ್ಲ. ಕಲಿಸಿದ ಟಿ-ಕೋಶ ತನ್ನಂಥದೇ ಗುರುತುಳ್ಳ ಅಣ್ಣತಮ್ಮಂದಿರನ್ನೂ ಕೊಲ್ಲುತ್ತದೆ. ಲಂಡನ್ನಿನಲ್ಲಿ 2022ರಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳ ಟಿ-ಕೋಶದ ರಕ್ತಕ್ಯಾನ್ಸರಿಗೆ ಇದಕ್ಕೊಂದು ಪರಿಹಾರ ಹುಡುಕಿದರು. ಆರೋಗ್ಯವಂತ ದಾನಿಯ ಟಿ-ಕೋಶಗಳಿಂದ ಸಿಡಿ-7 ಗುರುತನ್ನು ಅಳಿಸಿ, ಆಮೇಲೆ ಸಿಡಿ-7 ಇರುವ ಕೋಶಗಳನ್ನು ಕೊಲ್ಲಲು ಕಲಿಸಿದರು. ಕಾರ್-ಟಿ ಪಡೆದ ಕೆಲವೇ ಕೆಲವರಲ್ಲಿ ಟಿ-ಕೋಶದ ಕ್ಯಾನ್ಸರೇ ಹುಟ್ಟಿದ್ದು ಕಂಡು 2024ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆಯನ್ನೂ ಕೊಟ್ಟಿತು. ವಿಜ್ಞಾನದಲ್ಲಿ ಹೀಗೆಯೇ: ಒಂದು ಬಾಗಿಲು ತೆರೆದರೆ ಅದರಾಚೆ ಇನ್ನೊಂದು ಬೀಗ.

ನಮ್ಮ ರಾಜ್ಯದಲ್ಲಿ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಿದೆ. ಬೆಂಗಳೂರಿನಲ್ಲಿ ಯಾರಿಗೆ ಯಾವ ಕ್ಯಾನ್ಸರ್ ಬಂತೆಂದು ದಾಖಲಿಸುವ ನೋಂದಣಿ ಅಲ್ಲಿ 1982ರಿಂದ ನಡೆದಿದೆ. ಈಸೂರಿನಿಂದ ಅಲ್ಲಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಆದರೆ ಮೊದಲ ಹೆಜ್ಜೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಗ್ರಂಥಿಯನ್ನು ತೆಗೆದು ಪರೀಕ್ಷೆಗೆ ಕಳಿಸುವ ಕೆಲಸ ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಕಡೆ ಆಗುತ್ತದೆ. ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಸಿಗುತ್ತದೆಯೇ ಎಂದು ಅಲ್ಲಿಯೇ ವಿಚಾರಿಸಬಹುದು.

ಕೊನೆಯದಾಗಿ ನಾಲ್ಕು ಮಾತು ಬರೆದುಕೊಳ್ಳಿ. ಕೊರಳು, ಕಂಕುಳು, ತೊಡೆಸಂದಿನಲ್ಲಿ ನೋವಿಲ್ಲದ ಗಂಟು ಮೂರು ವಾರವಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಕಾರಣವಿಲ್ಲದ ಜ್ವರ, ರಾತ್ರಿಯ ಬೆವರು, ಆರು ತಿಂಗಳಲ್ಲಿ ಹತ್ತನೆಯ ಒಂದು ಭಾಗದಷ್ಟು ತೂಕ ಇಳಿಯುವುದು, ತಿಂಗಳುಗಟ್ಟಲೆ ಮಾಯದ ಚರ್ಮದ ಕಲೆ, ಇವನ್ನು ಮುಚ್ಚಿಡಬೇಡಿ. ಕ್ಷಯದ ಮಾತ್ರೆ ಕೊಟ್ಟರೆ, "ಪರೀಕ್ಷೆಯಲ್ಲಿ ಕ್ಷಯವೇ ಎಂದು ಕಂಡಿತೇ ಡಾಕ್ಟರೇ?" ಎಂದು ವಿನಯದಿಂದ ಕೇಳಿ. ಕ್ಷಯವೇ ಎಂದಾದರೆ ಒಂದು ದಿನವೂ ತಪ್ಪಿಸದೆ ನುಂಗಿ. ನಾಲ್ಕನೆಯದು, ಕೂದಲು ಉದುರಿದ ಸಹಪಾಠಿ ಶಾಲೆಗೆ ಮರಳಿದರೆ ಅವನ ಪಕ್ಕದಲ್ಲೇ ಕೂತುಕೊಳ್ಳಿ.

ನನ್ನ ತಮ್ಮ ಕೊರಳು ತೋರಿಸಿದಾಗ ನಾನು ಉತ್ತರ ಹೇಳಿದೆ. ನಾನು ಹೇಳಬೇಕಾಗಿದ್ದುದು "ನನಗೆ ಗೊತ್ತಿಲ್ಲ, ಬಾ, ಪರೀಕ್ಷೆ ಮಾಡಿಸೋಣ" ಎಂಬ ಮಾತು. ನಿಮ್ಮಲ್ಲಿ ಕೆಲವರು ವೈದ್ಯರಾಗುತ್ತೀರಿ, ಕೆಲವರು ಸಂಶೋಧಕರಾಗುತ್ತೀರಿ, ಉಳಿದವರು ಅಣ್ಣ ಅಕ್ಕಂದಿರಂತೂ ಆಗಿಯೇ ಆಗುತ್ತೀರಿ. ಆ ಒಂದು ಮಾತನ್ನು ಈಗಲೇ ಕಲಿತುಕೊಳ್ಳಿ.